ಮೂರನೆಯ ಸ್ಥಾನ

ಶುಕ್ರವಾರದ ಮಧ್ಯಾಹ್ನ, ಸೂರ್ ಎಂಬ ಊರು.
ಅಂಗಡಿಗಳೆಲ್ಲ ಕದ ಹಾಕಿ ಮಲಗಿದ್ದವು,
ಕಡಲಿಗೊಂದೇ ಎಚ್ಚರ.
ಇಬ್ರಾದಿಂದ ಎರಡು ತಾಸಿನ ದಾರಿ,
ವಲೇರಿಯನ್ನರ ಹಳೆ ಕಾರಿನ ಹಿಂದಿನ ಸೀಟಿನಲ್ಲಿ
ತಿದ್ದದೆ ಉಳಿದ ಅರವತ್ತೆರಡು ಉತ್ತರಪತ್ರಿಕೆ,
ಪಕ್ಕದಲ್ಲಿ ನಾನು.

ಹೋಟೆಲಿನ ಫಲಕದಲ್ಲಿ ಅರ್ಧ ಅಕ್ಷರಗಳನ್ನು
ಉಪ್ಪುಗಾಳಿ ತಿಂದಿತ್ತು.
ಆಚೆ ದಡದಲ್ಲಿ ಬಿಳಿ ದೀಪಸ್ತಂಭ; ಈಚೆ
ನೀರಿಳಿದ ಕೆಸರಿನಲ್ಲಿ ಪಕ್ಕಕ್ಕೆ ವಾಲಿದ ಮರದ ಹಡಗು,
ಎಮ್ಮೆ ಮಲಗಿದ ಹಾಗೆ.

ಹುಡುಗ ಬಂದು ಮೇಜಿನ ಮೇಲೆ
ತೆಳ್ಳನೆಯ ಪ್ಲಾಸ್ಟಿಕ್ ಹಾಳೆ ಬೀಸಿ ಹಾಸಿದ.
ಗಾಳಿ ಎತ್ತಿತು. ಮೂಲೆಗೊಂದರಂತೆ
ನಾಲ್ಕು ನೀರಿನ ಬಾಟಲಿ ಇಟ್ಟ.
ಹೆಸರು ಶಫಿಉಲ್, ಊರು ನೋವಾಖಾಲಿ. ಫೆಲ್ಸಿ ಟೀಚರ್
ಯಾರನ್ನೂ ಹೆಸರು ಕೇಳದೆ ಬಿಡುವವರಲ್ಲ.
‘ಇವರು ಮೀನು ತಿನ್ನುವುದಿಲ್ಲ’ ಎಂದರು ನನ್ನ ಕಡೆ ತೋರಿಸಿ.
‘ಕೋಳಿ?’ ಇಲ್ಲ. ‘ಮೊಟ್ಟೆ?’ ಅದೂ ಇಲ್ಲ.
ಹುಡುಗ ನನ್ನನ್ನು ನೋಡಿದ, ಸಮುದ್ರವನ್ನು ನೋಡಿದ,
ಮತ್ತೆ ಇಲ್ಲಿಗೇಕೆ ಬಂದಿರಿ ಎನ್ನುವ ಹಾಗೆ.

ಗದಗಿನವಳು ನಾನು. ನೀರೆಂದರೆ ನಮಗೆ
ವಾರಕ್ಕೊಮ್ಮೆ ನಲ್ಲಿಗೆ ಬರುವುದು,
ಕೊಡಗಳ ಸಾಲು, ಒಂದು ಜಗಳ, ನಿಂತು ಹೋಗುವುದು.
ಹೀಗೆ ಕೇಳುವವರಿಲ್ಲದೆ ಬಿದ್ದುಕೊಂಡ ನೀರನ್ನು ಕಂಡದ್ದು
ಮೂವತ್ತೊಂಬತ್ತನೆಯ ವರ್ಷಕ್ಕೆ. ಇನ್ನೂ ರೂಢಿಯಾಗಿಲ್ಲ;
ಯಾರಾದರೂ ಎದ್ದು ಹೋಗಿ ಬಂದ್ ಮಾಡಬಾರದೇ ಅನ್ನಿಸುತ್ತದೆ.

ಮೀನು ಬಂತು, ತಟ್ಟೆಗಿಂತ ಉದ್ದ, ಬಾಲ ಹೊರಗೆ.
ನನಗೆ ಸೌತೆ, ಲಿಂಬೆ, ಬೋಳು ಅನ್ನ.
ಫೆಲ್ಸಿ ಟೀಚರ್ ಚಮಚ ಸರಿಸಿ ಬೆರಳಿಗಿಳಿದರು,
ಬೆನ್ನಗುಂಟ ಸೀಳಿ ಮುಳ್ಳಿನ ಸರವನ್ನು
ಒಂದೇ ಎಳೆತಕ್ಕೆ ಎತ್ತಿಟ್ಟರು,
ನನ್ನ ಮಕ್ಕಳು ಪ್ರಮೇಯವನ್ನು ಎಂದೂ ಬಿಡಿಸದ ಹಾಗೆ.
‘ಒಂದು ತುಂಡು ತಿಂದು ನೋಡಿ ಮಾರಾಯ್ತಿ,
ಗದಗಿನವರೆಗೆ ವಾಸನೆ ಹೋಗುವುದಿಲ್ಲ.’
‘ಗಾಳಿ ಆ ಕಡೀಗೇ ಬೀಸಾಕತ್ತೈತ್ರಿ’ ಅಂದೆ.
ವಲೇರಿಯನ್ ನಕ್ಕರು, ಮುಳ್ಳು ಗಂಟಲಿಗೆ ಸಿಕ್ಕಿತು,
ಅನ್ನದ ಉಂಡೆ ನುಂಗಿ ಮತ್ತೆ ನಕ್ಕರು.

ಹೊರಗೆ ಯಾರೋ ಕಾರಿನಿಂದ ಇಳಿಯದೆ ಹಾರ್ನ್ ಹೊಡೆದರು.
ಶಫಿಉಲ್ ಓಡಿದ, ಕಾಗದದ ಲೋಟದಲ್ಲಿ ಕರಕ್ ಚಹಾ
ಕಿಟಕಿಯೊಳಗೆ ಕೊಟ್ಟು ಓಡಿ ಬಂದ.
ಒಳಗೆ ಹೋದವನು ಮತ್ತೆ ಬಂದಾಗ ಕೈಯಲ್ಲಿ
ಸ್ಟೀಲಿನ ಬಟ್ಟಲು, ಒಂದು ಕಡೆ ನೆಗ್ಗಿದ್ದು,
ಮೇಜಿನ ಬಿಳಿ ಪಿಂಗಾಣಿಗೆ ಸಂಬಂಧವೇ ಇಲ್ಲದ್ದು.
ಬೇಳೆ. ಹಳದಿ, ತೆಳ್ಳಗೆ, ಮೇಲೆ ಕೆಂಪಾದ ಬೆಳ್ಳುಳ್ಳಿ,
ಒಂದು ಒಣಮೆಣಸಿನಕಾಯಿ, ತೊಟ್ಟು ಸಹಿತ.
‘ಮೆನುವಿನಲ್ಲಿಲ್ಲ’ ಎಂದ ಮುರುಕು ಹಿಂದಿಯಲ್ಲಿ,
‘ನಾವು ತಿನ್ನುವುದು.’
ಬಾಗಿಲ ಸಂದಿಯಲ್ಲಿ ಬನಿಯನ್ನಿನ ಮುದುಕನೊಬ್ಬ
ಸೌಟು ಹಿಡಿದು, ನಾನು ಮೊದಲ ತುತ್ತು ಇಡುವವರೆಗೆ
ನೋಡಿದ. ಆಮೇಲೆ ಕಾಣಲಿಲ್ಲ.

ಎಷ್ಟು ಜನರ ಪಾಲಿತ್ತೋ ಅದರಲ್ಲಿ.
ಬಟ್ಟಲು ಒರೆಸಿ ಉಂಡೆ.

ಬಿಲ್ಲು: ಏಳು ರಿಯಾಲ್, ಚುಕ್ಕೆ, ಮೂರು ಐದು ಸೊನ್ನೆ.
ಈ ದೇಶದ ಹಣಕ್ಕೆ ಚುಕ್ಕೆಯ ಆಚೆ ಮೂರು ಸ್ಥಾನ.
ಒಂಬತ್ತನೆಯ ತರಗತಿಯವರು ಎರಡಕ್ಕೇ ನಿಲ್ಲುತ್ತಾರೆ,
ನಾನು ಕೆಂಪು ಶಾಯಿಯಲ್ಲಿ ಸುತ್ತು ಹಾಕುತ್ತೇನೆ.
ಮೀನು, ಅನ್ನ, ಸೌತೆ, ನೀರು ನಾಲ್ಕು.
ಎರಡು ಸಲ ಕೂಡಿದೆ.
ಬೇಳೆ ಯಾವ ಸ್ಥಾನದಲ್ಲೂ ಇರಲಿಲ್ಲ.

ಅರ್ಧ ರಿಯಾಲಿನ ನೋಟು ಮಡಚಿ ಬಟ್ಟಲ ಕೆಳಗಿಟ್ಟೆ.
ಅವನು ಹಾಳೆಯ ಮೂಲೆಗಳನ್ನೆತ್ತಿ
ಮುಳ್ಳು, ಸಿಪ್ಪೆ, ಅಗುಳು, ಎಲ್ಲ ಒಂದೇ ಗಂಟು ಕಟ್ಟಿದ;
ಎಲ್ಲಿತ್ತೋ, ಕಿವಿ ಹರಿದ ಬೆಕ್ಕೊಂದು ಹಿಂದೆ ಹೊರಟಿತು.

ಕಾರು ತಿರುಗುವಾಗ ಓಡಿ ಬಂದು ಗಾಜು ತಟ್ಟಿದ:
‘ಮೇಡಂ, ನಿಮ್ಮ ದುಡ್ಡು ಬಿದ್ದಿತ್ತು.’
ಬಿದ್ದದ್ದಲ್ಲ ಎನ್ನಲು ಬಾಯಿ ತೆರೆದೆ.
ಇಸಿದುಕೊಂಡೆ.

ಸೇತುವೆ ದಾಟಿದ ಮೇಲೆ ಫೆಲ್ಸಿ ಟೀಚರ್ ತಿರುಗಿ ಕೇಳಿದರು,
‘ಹೇಗಿತ್ತು, ಬೇಳೆ?’
‘ಉಪ್ಪು ಒಂದೀಟು ಮುಂದಾಗಿತ್ರಿ’ ಅಂದೆ.
ಆಗಿತ್ತು ಕೂಡ.